ಡಬ್ಬಿ ಮೇಲಿನ ‘ಲಿನಕ್ಸ್’ ನಂಬಿ ಹನ್ನೆರಡು ಡಾಂಗಲ್ ತಂದೆ

ಹಳೇ ಕಂಪ್ಯೂಟರಿಗೆ ಉಬುಂಟು (ವಿಂಡೋಸ್ ಬದಲು ಹಾಕುವ ಲಿನಕ್ಸ್‌ನ ಒಂದು ಬಗೆ) ಹಾಕಿ ನಡೆಸುವವರು ವೈಫೈ ಡಾಂಗಲ್, ಅಂದರೆ ವೈಫೈ ಹಿಡಿಯಲು ಯುಎಸ್‌ಬಿಗೆ ಚುಚ್ಚುವ ಕಡ್ಡಿ, ಕೊಳ್ಳುವ ಮೊದಲು ಇದನ್ನು ಓದಿ. ನಾನು ಎರಡು ಸಲ ಎಡವಿದೆ. ಮೊದಲ ಸಲ ದುಡ್ಡು ಹೋಯಿತು. ಎರಡನೇ ಸಲ ಒಂದೂವರೆ ವರ್ಷದ ಭಾನುವಾರಗಳು ಹೋದವು.

ಕಲಬುರಗಿಯಲ್ಲಿ ನಮ್ಮದೊಂದು ಚಿಕ್ಕ ಕಂಪ್ಯೂಟರ್ ಕ್ಲಾಸ್ ಇದೆ. ಹನ್ನೆರಡು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್, ಎಲ್ಲದರಲ್ಲೂ ಉಬುಂಟು 22.04. ಬಾಡಿಗೆ ಮನೆ. ಮಾಲೀಕರು ಗೋಡೆಗೆ ಮೊಳೆ ಹೊಡೆಯಲು ಬಿಡಲಿಕ್ಕಿಲ್ಲ ಎಂದುಕೊಂಡು ಕೇಬಲ್ ಎಳೆಸುವ ಯೋಚನೆ ಬಿಟ್ಟೆ. ಸೂಪರ್ ಮಾರ್ಕೆಟ್ ಕಡೆ ಹೋಗಿ ಯುಎಸ್‌ಬಿ ಡಾಂಗಲ್ ತಂದೆ. ಡಬ್ಬಿ ಮೇಲೆ ವಿಂಡೋಸ್ ಜೊತೆ ಲಿನಕ್ಸ್ ಅಂತಲೂ ಇತ್ತು. ಖಾತ್ರಿ ಏನು ಅಂತ ಕೇಳಿದ್ದಕ್ಕೆ ಅಂಗಡಿಯವರು, “ಡಬ್ಬಿ ಮ್ಯಾಲೇ ಬರದಾರಲ್ಲ್ರೀ ಸರ, ಮತ್ತೇನು ಬೇಕು?” ಎಂದರು. ಪಾಪ, ಅವರದೇನೂ ತಪ್ಪಿಲ್ಲ.

ಆ ‘ಲಿನಕ್ಸ್’ ಅಂದರೆ ಒಂದು ಜಿಪ್ ಫೈಲ್. ಒಳಗೆ ಯಾವತ್ತೋ ಬರೆದು ಬಿಟ್ಟ ಡ್ರೈವರಿನ (ಕಂಪ್ಯೂಟರ್ ಡಾಂಗಲ್ ಜೊತೆ ಮಾತಾಡಲು ಬೇಕಾದ ಪ್ರೋಗ್ರಾಮಿನ) ಸೋರ್ಸ್ ಕೋಡ್. ಕಂಪೈಲ್, ಅಂದರೆ ಕೋಡನ್ನು ಕಂಪ್ಯೂಟರ್ ನಡೆಸುವ ರೂಪಕ್ಕೆ ತರುವುದು, ನಾವೇ ಮಾಡಿಕೊಳ್ಳಬೇಕು. ಲಿನಕ್ಸ್‌ನ ತಿರುಳಾದ ಕರ್ನಲ್ಲಿನ 5.15 ಆವೃತ್ತಿ ಮೇಲೆ ಹೇಗೋ ಆಯಿತು, ವೈಫೈ ಬಂತು. ಡಿಕೆಎಂಎಸ್‌ಗೂ ಸೇರಿಸಿದೆ. ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಡ್ರೈವರನ್ನು ತಾನೇ ಮತ್ತೆ ಕಂಪೈಲ್ ಮಾಡುವ ಏರ್ಪಾಡು ಅದು. ಇನ್ನು ಚಿಂತೆ ಇಲ್ಲ ಅಂದುಕೊಂಡೆ.

2023ರ ಶುರುವಿನಲ್ಲಿ ಅಪ್‌ಡೇಟ್ ಜೊತೆ 5.19 ಕರ್ನಲ್ ಬಂತು. ಸೋಮವಾರ ಬೆಳಗ್ಗೆ ಹುಡುಗರು, “ಸರ, ನೆಟ್ ಬಂದ್ ಆಗ್ಯಾದ” ಅಂದರು. ಹನ್ನೆರಡೂ ಬಂದ್. ಡಿಕೆಎಂಎಸ್ ಪ್ರಯತ್ನ ಪಟ್ಟಿತ್ತು, ಕೋಡೇ ಕಂಪೈಲ್ ಆಗಿರಲಿಲ್ಲ. ಹುಡುಕಿದರೆ ಕಾರಣ ನಗು ಬರುವಂಥದ್ದು. ಕರ್ನಲ್ಲಿನ ‘ಪಿಡಿಇ ಡೇಟಾ’ ಎಂಬ ಫಂಕ್ಷನ್ನಿನ (ಡ್ರೈವರ್ ಹೆಸರು ಹಿಡಿದು ಕರೆಯುವ ಕೋಡಿನ ತುಣುಕಿನ) ಹೆಸರು ಮೊದಲು ಇಂಗ್ಲಿಷ್ ದೊಡ್ಡಕ್ಷರದಲ್ಲಿತ್ತು. 5.17ರಲ್ಲಿ ಸಣ್ಣಕ್ಷರ ಮಾಡಿದ್ದರು. ಅಷ್ಟೇ! (ಕನ್ನಡ ಲಿಪಿಯಲ್ಲಿ ಬರೆದಿದ್ದರೆ ಈ ಗೋಳೇ ಇರುತ್ತಿರಲಿಲ್ಲ.)

ಒಂಬತ್ತು-ಹತ್ತು ವಾರಕ್ಕೊಮ್ಮೆ ಹೊಸ ಕರ್ನಲ್ ಬರುತ್ತದೆ, ಪ್ರತಿ ಸಲ ಒಳಗಿನದು ಏನಾದರೂ ಬದಲಾಗುತ್ತದೆ. ಡ್ರೈವರ್ ಕರ್ನಲ್ಲಿನೊಳಗೇ ಸೇರಿದ್ದರೆ, ಬದಲಿಸಿದವರೇ ಅದನ್ನೂ ಸರಿಪಡಿಸುತ್ತಾರೆ. ಹೊರಗೆ ಜಿಪ್‌ನಲ್ಲಿ ಬಿದ್ದಿರುವುದಕ್ಕೆ ದಿಕ್ಕಿಲ್ಲ.

ಎರಡನೇ ತಪ್ಪು ಪೂರ್ತಿ ನನ್ನದೇ. ನಾಲ್ಕು ಸಾಲು ತಿದ್ದಿದ ಕೋಡನ್ನು, ಯಾರಿಗಾದರೂ ಉಪಯೋಗ ಆಗಲಿ ಅಂತ ಕೋಡ್ ಹಂಚಿಕೊಳ್ಳುವ ಜಾಲತಾಣ ಗಿಟ್‌ಹಬ್‌ಗೆ ಹಾಕಿದೆ. ಅಲ್ಲಿಗೆ ಆ ಡ್ರೈವರ್ ನನ್ನ ಕೊರಳಿಗೆ ಬಿತ್ತು. 6.2ರಲ್ಲಿ ಕಂಪೈಲ್ ಆಗುತ್ತಿಲ್ಲ, 6.5ರಲ್ಲಿ ಆಗುತ್ತಿಲ್ಲ ಅಂತ ಒಬ್ಬೊಬ್ಬರೇ ಬಂದರು. ಅದನ್ನಾದರೂ ಹೇಗೋ ತಿದ್ದಬಹುದು. ಆದರೆ ಸ್ಲೀಪ್‌ನಿಂದ ಎದ್ದ ಮೇಲೆ ಸಿಗ್ನಲ್ ಇಲ್ಲ ಅಂದರೆ ಏನು ಮಾಡಲಿ? ಕೋಡಿನ ತುಂಬ ಬರೀ ಅಂಕಿಗಳ ಸಾಲು. ಯಾವ ಅಂಕಿ ಚಿಪ್ಪಿನಲ್ಲಿ ಏನು ಮಾಡುತ್ತದೆ ಅಂತ ಒಂದು ಮಾತೂ ಬರೆದಿಲ್ಲ. ಡಾಂಗಲ್ ಕಂಪನಿಗೆ ಮೇಲ್ ಹಾಕಿದೆ. ಚಿಪ್ ಮಾಡಿದವರನ್ನು ಕೇಳಿ ಅಂದರು. ಚಿಪ್ ಮಾಡಿದವರು, ಡಾಂಗಲ್ ಮಾರಿದವರನ್ನು ಕೇಳಿ ಅಂದರು. ಆಮೇಲೆ ಇಬ್ಬರೂ ಸುಮ್ಮನಾದರು.

ಕರ್ನಲ್ ಬಳಗದ ಗ್ರೆಗ್ ಕ್ರೋ-ಹಾರ್ಟ್‌ಮನ್ 2007ರಲ್ಲೇ ಕಂಪನಿಗಳಿಗೆ ಬಹಿರಂಗವಾಗಿ ಹೇಳಿದ್ದರು: ಚಿಪ್ಪಿನ ವಿವರ ಕೊಡಿ, ಡ್ರೈವರ್ ಪುಕ್ಕಟೆ ಬರೆದುಕೊಡುತ್ತೇವೆ, ಬೇಕಾದರೆ ಗುಟ್ಟು ಕಾಪಾಡುವ ಒಪ್ಪಂದಕ್ಕೂ ಸಹಿ ಹಾಕುತ್ತೇವೆ ಅಂತ. ಪುಕ್ಕಟೆ ಕೆಲಸವನ್ನೂ ಬೇಡ ಅನ್ನುವುದು ಯಾವ ಸೀಮೆ ವ್ಯಾಪಾರವೋ ನನಗಂತೂ ಅರ್ಥವಾಗಿಲ್ಲ.

ಪರೀಕ್ಷೆಗೆಂದು ಅದೇ ಮಾಡಲ್ ಇನ್ನೆರಡು ತಂದೆ. ತಳದಲ್ಲಿ ಸಣ್ಣಗೆ ‘ವಿ2’ ಅಂತ ಇತ್ತು, ಒಳಗೆ ಬೇರೆಯದೇ ಚಿಪ್. ಅವತ್ತು ಕೈಚೆಲ್ಲಿದೆ.

ನೀವು ಕೊಳ್ಳುವಾಗ ಉಬುಂಟು ಹಾಕಿದ ಪೆನ್‌ಡ್ರೈವ್ ಅಂಗಡಿಗೇ ಒಯ್ಯಿರಿ. ಅಲ್ಲಿನ ಕಂಪ್ಯೂಟರನ್ನು ಅದರಿಂದಲೇ ಶುರು (ಬೂಟ್) ಮಾಡಿ ಡಾಂಗಲ್ ಚುಚ್ಚಿ. ಏನೂ ಇನ್‌ಸ್ಟಾಲ್ ಮಾಡದೆ ವೈಫೈ ಹೆಸರುಗಳು ಕಂಡರೆ ತೊಗೊಳ್ಳಿ, ಇಲ್ಲಾಂದ್ರೆ ವಾಪಸ್ ಕೊಡಿ. ಡಬ್ಬಿ, ಮಾಡಲ್ ನಂಬರ್ ಎರಡನ್ನೂ ನಂಬಬೇಡಿ. ‘ಎಲ್‌ಎಸ್‌ಯುಎಸ್‌ಬಿ’ (lsusb) ಕಮಾಂಡ್ ಕೊಟ್ಟರೆ ಬರುವ ಡಾಂಗಲ್ಲಿನ ಐಡಿಯನ್ನು ಬರೆದಿಟ್ಟುಕೊಳ್ಳಿ, ಮುಂದಿನ ಸಲ ಅದೇ ಐಡಿ ಇರುವುದನ್ನೇ ಕೇಳಿ. ಇನ್ನು, ತಿದ್ದಿದ ಡ್ರೈವರನ್ನು ಹಂಚುವುದಾದರೆ ಮೊದಲ ಸಾಲಿನಲ್ಲೇ ‘ಇದನ್ನು ಮುಂದೆ ನೋಡಿಕೊಳ್ಳುವವರಿಲ್ಲ’ ಅಂತ ಬರೆದುಬಿಡಿ. ನಾನು ಬರೆದದ್ದು ಒಂದೂವರೆ ವರ್ಷ ಆದಮೇಲೆ.

ಹದಿನಾಲ್ಕು ಡಾಂಗಲ್ ಈಗ ಬಿಸ್ಕತ್ತಿನ ಡಬ್ಬಿಯಲ್ಲಿವೆ. ಕೊನೆಗೆ ಹಿಂಜರಿಯುತ್ತಲೇ ಮಾಲೀಕರ ಹತ್ತಿರ ಹೋಗಿ, ಲ್ಯಾನ್ ಕೇಬಲ್ ಎಳೆಸಲು ಗೋಡೆಗೆ ಮೊಳೆ ಹೊಡೆಯಲೇ ಅಂತ ಕೇಳಿದೆ. “ಹೊಡೀರಿ. ಇಷ್ಟು ದಿನ ಯಾಕ ಕೇಳಲಿಲ್ಲ?” ಅಂದರು.