ಬಸಿಗಾಲುವೆ ನೀರಿಗೆ ನೈಟ್ರೇಟ್ ಪಟ್ಟಿ: ಯಾವ ಹೊಲಕ್ಕೆ ಸಾಕು, ಯಾವುದಕ್ಕೆ ಸಾಲದು

ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಬಸಿಗಾಲುವೆಗೆ ಅಡ್ಡಕಟ್ಟೆ ಹಾಕಿ ತುದಿಗೊಂದು ಹೊಂಡ ತೋಡಿಸಿದವರು, ಹಳ್ಳ ಸೇರುವ ಗೊಬ್ಬರ ಕಮ್ಮಿಯಾಯಿತೇ ಎಂದು ನೋಡಲು ಅಕ್ವೇರಿಯಂನವರು ಬಳಸುವ ನೈಟ್ರೇಟ್ ಪಟ್ಟಿ (ನೀರಿಗೆ ಅದ್ದಿದರೆ ಬಣ್ಣ ತಿರುಗುವ ಪರೀಕ್ಷಾ ಪಟ್ಟಿ) ತರಿಸಬಹುದು. ಮೆಣಸಿನಕಾಯಿ, ಹತ್ತಿ ಹೊಲಕ್ಕೆ ಅದು ಒಳ್ಳೆಯ ಸಾಧನ. ಭತ್ತದ ಗದ್ದೆಗೆ ಅದೊಂದೇ ಸಾಲದು.

ನೀರು ನಿಂತ ಗದ್ದೆಗೆ ಎರಚಿದ ಯೂರಿಯಾ ಅಮೋನಿಯಂ ಆಗುತ್ತದೆ. ಗಾಳಿಯಾಡದ ಕೆಸರಿನಲ್ಲಿ ಅದು ನೈಟ್ರೇಟ್ ಆಗುವುದು ಕಡಿಮೆ. ಮೇಲುಗೊಬ್ಬರ ಕೊಟ್ಟ ಎರಡು ಮೂರು ದಿನಕ್ಕೇ ಬದು ಒಡೆದು ನೀರು ಬಿಟ್ಟರೆ, 45 ಕೆ.ಜಿ. ಚೀಲದ 20.7 ಕೆ.ಜಿ. ಸಾರಜನಕದಲ್ಲಿ ಒಂದು ಪಾಲು ಬಸಿಗಾಲುವೆಗೆ ಹರಿಯುತ್ತಿದ್ದರೂ ನೈಟ್ರೇಟ್ ಪಟ್ಟಿ ಬೆಳ್ಳಗೇ ಇರಬಹುದು. ಭತ್ತದವರು ಅಮೋನಿಯಾ ಪಟ್ಟಿಯನ್ನೂ ಕೊಳ್ಳಲೇಬೇಕು. ಇನ್ನೂ ಯೂರಿಯಾ ಆಗಿಯೇ ಉಳಿದದ್ದು ಎರಡರಲ್ಲೂ ಕಾಣದು.

ಎರೆ ಹೊಲದ ನೀರು ಕದಡಿರುತ್ತದೆ, ಮಣ್ಣು ಅಂಟಿ ಪಟ್ಟಿಯ ಬಣ್ಣ ತಪ್ಪುತ್ತದೆ. ಸೋಡಿಯಂ ಹೆಚ್ಚಿರುವ ಕ್ಷಾರ ಭೂಮಿಯದಂತೂ ಗಂಟೆಗಟ್ಟಲೆ ಇಟ್ಟರೂ ತಿಳಿಯಾಗದು. ಫಿಲ್ಟರ್ ಪೇಪರಿನಲ್ಲಿ ಸೋಸಿ. ಒಂದು ಸೆಕೆಂಡ್ ಅದ್ದಿ, ಕೊಡವದೆ ಅಡ್ಡ ಹಿಡಿದು, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು (ಸಾಮಾನ್ಯವಾಗಿ 60 ಸೆಕೆಂಡ್) ಕಾದು ನೆರಳಲ್ಲಿ ಬಣ್ಣ ಹೊಂದಿಸಿ. ತಡವಾದರೆ ಗುಲಾಬಿ ಗಾಢವಾಗಿ ಲೆಕ್ಕ ಹೆಚ್ಚು ತೋರುತ್ತದೆ. ಕೆಲವು ಡಬ್ಬಿಯ ಅಂಕಿ ನೈಟ್ರೇಟಿನದು, ಕೆಲವದರದು ನೈಟ್ರೇಟ್-ಸಾರಜನಕದ್ದು. ಎರಡನೆಯದನ್ನು 4.43ರಿಂದ ಗುಣಿಸಿದರೆ ಮೊದಲನೆಯದು ಬರುತ್ತದೆ. ಕುಡಿಯುವ ನೀರಿಗೆ ನಮ್ಮ ಮಿತಿ ಲೀಟರಿಗೆ 45 ಮಿ.ಗ್ರಾಂ. ನೈಟ್ರೇಟ್.

ಹೊಂಡದ ಒಳಹರಿವು, ಹೊರಹರಿವು ಎರಡನ್ನೂ ಅದೇ ದಿನ ನೋಡಿ. ಜೊತೆಗೆ ಇಸಿ ಮೀಟರ್ (ನೀರಿನ ವಿದ್ಯುತ್ ವಾಹಕತೆ ಅಳೆದು ಕರಗಿದ ಉಪ್ಪು ಎಷ್ಟೆಂದು ತೋರಿಸುವುದು) ಇರಲಿ: ನೈಟ್ರೇಟ್ ಇಳಿದಷ್ಟೇ ಇಸಿಯೂ ಇಳಿದಿದ್ದರೆ ನೀರಾವರಿ ಕಾಲುವೆಯ ಸೋರು ನೀರು ಬೆರೆತು ತೆಳುವಾಗಿದೆಯೇ ಹೊರತು ಹೊಂಡ ಶುದ್ಧಿ ಮಾಡಿಲ್ಲ. ಇಸಿ ಹಾಗೇ ಇದ್ದು ನೈಟ್ರೇಟ್ ಮಾತ್ರ ಬಿದ್ದರೆ ಜೊಂಡು, ಕೆಸರಿನ ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತಿವೆ.

ಫಾಸ್ಫೇಟ್ ಪಟ್ಟಿಗೆ ದುಡ್ಡು ಹಾಕಬೇಡಿ. ಡಿಎಪಿ ಗೊಬ್ಬರದ ರಂಜಕ (ಫಾಸ್ಫೇಟಿನಲ್ಲಿರುವ ಪೋಷಕಾಂಶ) ಬಹುಪಾಲು ಜೇಡಿಗೆ ಅಂಟಿಕೊಂಡೇ ಹರಿಯುತ್ತದೆ, ಪಟ್ಟಿ ಕರಗಿದ್ದನ್ನಷ್ಟೇ ಹಿಡಿಯುತ್ತದೆ. ಹೊಂಡದ ಬಾಯಲ್ಲಿ ಇಂಚು ಗುರುತಿನ ಕೋಲು ನೆಟ್ಟು ಹೂಳು ಅಳೆಯುವುದೇ ಮೇಲು.

ರಾಯಚೂರಿನ ಬೇಸಿಗೆಯಲ್ಲಿ ಡಬ್ಬಿಯನ್ನು ಬೈಕಿನ ಡಿಕ್ಕಿಯಲ್ಲಿ ಬಿಡಬೇಡಿ. ಹೆಚ್ಚಿನವು 30 ಡಿಗ್ರಿ ಒಳಗೆ ಇಡುವಂಥವು. ಒದ್ದೆ ಕೈ ಹಾಕಿದರೆ ಉಳಿದ ಪಟ್ಟಿಗಳೂ ಕೆಡುತ್ತವೆ.