ಸಿಐಎ, ಸಿಐಡಬ್ಲ್ಯೂ, ಪಿಐಎ: ಹೂಳಿನ ಲೆಕ್ಕದಲ್ಲಿ ಯಾವುದನ್ನು ನಂಬೋದು?

ಹೂಳು ಬಂದ ಕಲ್ಲು ಎಷ್ಟು ಶಿಥಿಲವಾಗಿತ್ತು ಅಂತ ಅದರ ರಾಸಾಯನಿಕ ಅಂಶಗಳಿಂದ ಅಳೆಯುವ ಸೂಚ್ಯಂಕಗಳು ಇವು. ಒಂದೇ ಹೂಳಿನ ಮೇಲೆ ಮೂರನ್ನೂ ಹಾಕಿ ನೋಡಿದ್ದೇನೆ. ಮೂರೂ ಬೇರೆ ಬೇರೆ ಕಥೆ ಹೇಳುತ್ತವೆ. ನನ್ನ ಓಟು ಸಿಐಎಗೆ, ಆದರೆ ಷರತ್ತಿನ ಮೇಲೆ.

ಸಿಐಎ 1982ರಲ್ಲಿ ನೆಸ್ಬಿಟ್ ಮತ್ತು ಯಂಗ್ ಕೊಟ್ಟ ಸೂತ್ರ. ಕಲ್ಲು ಶಿಥಿಲವಾದಂತೆ ಕ್ಯಾಲ್ಸಿಯಂ, ಸೋಡಿಯಂ, ಪೊಟ್ಯಾಸಿಯಂ ನೀರಿನ ಜೊತೆ ಹೋಗುತ್ತವೆ, ಅಲ್ಯೂಮಿನಿಯಂ ಜೇಡಿಯಲ್ಲಿ ಉಳಿಯುತ್ತದೆ. ಈ ನಾಲ್ಕರ ಆಕ್ಸೈಡ್‌ಗಳ ಒಟ್ಟು ಮೋಲ್‌ನಲ್ಲಿ ಅಲ್ಯೂಮಿನಾ ಶೇಕಡಾ ಎಷ್ಟು ಅನ್ನೋದೇ ಸಿಐಎ. ತಾಜಾ ಗ್ರಾನೈಟ್‌ಗೆ 50ರ ಆಸುಪಾಸು, ಶೇಲ್‌ಗೆ (ಕೆಸರು ಗಟ್ಟಿಯಾಗಿ ಆದ ಕಲ್ಲು) ಸಾಮಾನ್ಯವಾಗಿ 70-75, ಕೆಯೊಲಿನೈಟ್ ಅನ್ನೋ ಜೇಡಿ ಖನಿಜಕ್ಕೆ 100.

ತೊಂದರೆ ಇರೋದು ಸುಣ್ಣದಲ್ಲಿ. ಒಂದು ಕೆಸರಿನಲ್ಲಿ ಅಲ್ಯೂಮಿನಾ 15.3%, ಕ್ಯಾಲ್ಸಿಯಂ ಆಕ್ಸೈಡ್ 5.6%, ಸೋಡಿಯಂ ಆಕ್ಸೈಡ್ 1.24%, ಪೊಟ್ಯಾಸಿಯಂ ಆಕ್ಸೈಡ್ 2.83% ಇದೆ ಅಂತಿಟ್ಟುಕೊಳ್ಳಿ. ಮೋಲ್‌ಗೆ ಬದಲಿಸಿ ಸುಮ್ನೆ ಹಾಕಿದರೆ ಸಿಐಎ 50. ಶಿಥಿಲೀಕರಣವೇ ಆಗಿಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಆ ಕ್ಯಾಲ್ಸಿಯಂ ಬಹುಪಾಲು ಕಾರ್ಬೊನೇಟ್‌ನದ್ದಾಗಿದ್ದರೆ (ಅಂದರೆ ಸುಣ್ಣದ್ದು, ಶಿಥಿಲವಾಗುವ ಸಿಲಿಕೇಟ್ ಖನಿಜಗಳದ್ದಲ್ಲ) ಅದನ್ನು ಕಳೆಯಲೇಬೇಕು. ಕ್ಯಾಲ್ಸಿಯಂ ಮೋಲ್ ಸೋಡಿಯಂಗಿಂತ ಜಾಸ್ತಿ ಇದ್ದರೆ ಸೋಡಿಯಂನಷ್ಟಕ್ಕೇ ಇಳಿಸುವ ರೂಢಿ ಇದೆ. ಹಾಗೆ ಮಾಡಿದರೆ 68 ಬರುತ್ತದೆ.

ಅದೇ ಕೆಸರಿಗೆ ಸಿಐಡಬ್ಲ್ಯೂ 79. ಇದು ಪೊಟ್ಯಾಸಿಯಂ ಅನ್ನು ಬಿಟ್ಟೇ ಬಿಡುತ್ತದೆ, ಆದರೆ ಖನಿಜದಲ್ಲಿ ಅದರ ಜೊತೆ ಕೂತಿರುವ ಅಲ್ಯೂಮಿನಿಯಂ ಅನ್ನು ಎಣಿಸುತ್ತದೆ. ಹಾಗಾಗಿ ಗ್ರಾನೈಟ್‌ನಲ್ಲಿರುವ ಪೊಟ್ಯಾಶ್ ಫೆಲ್ಡ್‌ಸ್ಪಾರ್ ಖನಿಜ ತಾಜಾ ಇದ್ದರೂ 100 ತೋರಿಸುತ್ತದೆ! ಗ್ರಾನೈಟ್ ಮೂಲದ ಹೂಳಿಗೆ ನಾನಂತೂ ಇದನ್ನು ಬಳಸಲ್ಲ. ಪಿಐಎ ಆ ಅಲ್ಯೂಮಿನಿಯಂ ಅನ್ನೂ ಕಳೆಯುತ್ತದೆ, 75 ಕೊಡುತ್ತದೆ. ಹೂತುಹೋದ ಮೇಲೆ ಪೊಟ್ಯಾಸಿಯಂ ಹೊಸದಾಗಿ ಸೇರಿದ ಹಳೆಯ ಶೇಲ್‌ಗಳಿಗೆ ಇದೇ ಸರಿ.

ಇನ್ನು ಹೂಳಿನ ಮೂಲ ಯಾವ ಕಲ್ಲು ಅನ್ನೋ ಪ್ರಶ್ನೆಗೆ ಈ ಮೂರೂ ಬೇಡ. ಬೇಗ ಕರಗಿಹೋಗುವ ಧಾತುಗಳಿಂದ ಮೂಲ ಹುಡುಕೋದು ಕಷ್ಟ. ಥೋರಿಯಂ ಗ್ರಾನೈಟ್ ಕಡೆ ಜಾಸ್ತಿ, ಸ್ಕ್ಯಾಂಡಿಯಂ ಬಸಾಲ್ಟ್ ಕಡೆ. ಎರಡೂ ಸುಲಭಕ್ಕೆ ಕರಗಲ್ಲ, ಅದಕ್ಕೇ ಇವುಗಳ ಅನುಪಾತ ನನಗೆ ಇಷ್ಟ. ಜಿರ್ಕೋನಿಯಂ-ಸ್ಕ್ಯಾಂಡಿಯಂ ಅನುಪಾತ ಮಾತ್ರ ಏರಿ, ಥೋರಿಯಂ-ಸ್ಕ್ಯಾಂಡಿಯಂ ಅನುಪಾತ ಅಷ್ಟಾಗಿ ಏರದಿದ್ದರೆ ಹಳೆಯ ಹೂಳೇ ಮತ್ತೆ ಸುತ್ತಿ ಬಂದು ಜಿರ್ಕಾನ್ (ಜಿರ್ಕೋನಿಯಂ ಇರುವ ಗಟ್ಟಿ ಖನಿಜ) ಕಣ ಸೇರಿರಬಹುದು. ಮಾದರಿಯನ್ನು ಬರೀ ಆಸಿಡ್‌ನಲ್ಲಿ ಕರಗಿಸಿದರೆ ಜಿರ್ಕಾನ್ ಪೂರ್ತಿ ಕರಗದೆ ಉಳಿದು, ಜಿರ್ಕೋನಿಯಂ ಕಡಿಮೆ ಬರುವ ಅಪಾಯ ಇದೆ. ಬೋರೇಟ್ ಜೊತೆ ಕರಗಿಸೋದೇ ಮೇಲು.

ಮರಳು ಮತ್ತು ಕೆಸರಿನ ಸಿಐಎ ಪಕ್ಕಪಕ್ಕ ಇಟ್ಟು ಹವಾಮಾನ ಬದಲಾಯಿತು ಅನ್ನೋರನ್ನು ನಾನು ನಂಬಲ್ಲ. ಮರಳಲ್ಲಿ ಫೆಲ್ಡ್‌ಸ್ಪಾರ್ ನಿಲ್ಲುತ್ತದೆ, ಕೆಸರಲ್ಲಿ ಜೇಡಿ. ಒಂದೇ ಕಣಗಾತ್ರದ ಕೆಸರು ಆರಿಸಿಕೊಂಡು ಶಿಥಿಲೀಕರಣ, ಮೂಲ ಎರಡರ ಲೆಕ್ಕವನ್ನೂ ಅದರಲ್ಲೇ ಹಾಕಿ.