ಜ್ಞಾನಿಗಳು ಚೆನ್ನಾಗಿದ್ದಾರೆ, ಆದರೆ ಜಾಗ ಬಿಟ್ಟು ಕದಲುವುದಿಲ್ಲ

ಕ್ರಿಸ್ಮಸ್‌ಗೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಲ್ಲಿ ಜೋಡಿಸುವ ಈ ಗೋದಲಿ ಸೆಟ್ ತರಿಸಿದ್ದೇ ಮೂವರು ಜ್ಞಾನಿಗಳ ಆಸೆಗೆ, ಮಗು ಯೇಸುವನ್ನು ನೋಡಲು ಕಾಣಿಕೆ ಹಿಡಿದು ಮೂಡಣದಿಂದ ಬಂದವರು ಇವರು. ಹಳೇ ಸೆಟ್ಟಿನಲ್ಲಿ ಮೂರೂ ಒಂದೇ ಅಚ್ಚಿನ ಗೊಂಬೆಗಳು, ಬಟ್ಟೆಯ ಬಣ್ಣ ಮಾತ್ರ ಬೇರೆ. ಇಲ್ಲಿ ಹಾಗಲ್ಲ. ಮೆಲ್ಕಿಯೋರ್ ಬಿಳಿ ಗಡ್ಡದ ಮುದುಕ, ಚಿನ್ನದ ಪೆಟ್ಟಿಗೆ ಹಿಡಿದು ಮಂಡಿಯೂರಿದ್ದಾನೆ, ಕಿರೀಟ ತೆಗೆದು ನೆಲದ ಮೇಲಿಟ್ಟಿದ್ದಾನೆ. ಕಾಸ್ಪರ್ ಇನ್ನೂ ಮೀಸೆ ಬಾರದ ಹುಡುಗ, ಕೈಯಲ್ಲಿ ಧೂಪ. ಕಪ್ಪು ಮೈಬಣ್ಣದ ಬಲ್ತಜಾರ್ ರಕ್ತಬೋಳದ (ಸುವಾಸನೆಯ ಮರದಂಟು) ಭರಣಿ ಹಿಡಿದು ಸ್ವಲ್ಪ ಹಿಂದೆ ನಿಂತಿದ್ದಾನೆ. ಮುಖದ ಕೆಲಸ ನಿಜಕ್ಕೂ ಚೆನ್ನಾಗಿದೆ. ಮರಿಯಳೂ ಯೋಸೇಫನೂ ಪರವಾಗಿಲ್ಲ.

ಸಮಸ್ಯೆ ಏನು ಗೊತ್ತಾ? ಮೂವರನ್ನೂ ಕೊಟ್ಟಿಗೆಯ ಹಲಗೆಗೆ ಗಟ್ಟಿಯಾಗಿ ಅಂಟಿಸಿಬಿಟ್ಟಿದ್ದಾರೆ! ನಮ್ಮ ಮನೆಯಲ್ಲಿ ಡಿಸೆಂಬರ್ 24ರ ರಾತ್ರಿ ಜ್ಞಾನಿಗಳು ಗೋದಲಿಯ ಹತ್ತಿರ ಇರುವುದೇ ಇಲ್ಲ, ಪುಸ್ತಕದ ಕಪಾಟಿನ ಆ ತುದಿಯಲ್ಲಿರುತ್ತಾರೆ, ಮಕ್ಕಳು ದಿನಾ ಒಂದಿಷ್ಟು ಮುಂದೆ ಸರಿಸುತ್ತಾ ಸರಿಸುತ್ತಾ ಜ್ಞಾನಿಗಳು ಬಂದ ಹಬ್ಬವಾದ ಜನವರಿ 6ಕ್ಕೆ ತಂದು ಮುಟ್ಟಿಸುತ್ತಾರೆ. ಅರ್ಧ ಖುಷಿ ಅದರಲ್ಲೇ ಇರುವುದು.

ಕತೆಗೂ ಇದೇ ಸರಿ ಅಲ್ವಾ? ಕುರುಬರು ಗೋದಲಿಗೆ ಬಂದದ್ದು ಲೂಕನ ಸುವಾರ್ತೆಯಲ್ಲಿ. ಮತ್ತಾಯನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ಮೂಡಣ ದೇಶದ ಜೋಯಿಸರು, ಅಂದರೆ ಈ ಜ್ಞಾನಿಗಳೇ, ಮಗುವನ್ನು ನೋಡಿದ್ದು ಒಂದು ಮನೆಯಲ್ಲಿ. ನಕ್ಷತ್ರ ಯಾವಾಗ ಕಾಣಿಸಿತು ಎಂದು ಅವರನ್ನು ವಿಚಾರಿಸಿಕೊಂಡಿದ್ದ ರಾಜ ಹೆರೋದ ಆ ಲೆಕ್ಕದಲ್ಲೇ ಎರಡು ವರ್ಷದೊಳಗಿನ ಗಂಡು ಮಕ್ಕಳನ್ನೆಲ್ಲ ಕೊಲ್ಲಿಸಿದ, ಅಂದಮೇಲೆ ಇವರು ತಲುಪುವಷ್ಟರಲ್ಲಿ ಯೇಸು ಅಂಬೆಗಾಲಿಡುತ್ತಿದ್ದನೋ ಏನೋ.

ಡಬ್ಬಿಯ ಮೇಲೆ "ಬೈಬಲಿನಲ್ಲಿ ಇರುವಂತೆಯೇ ಮೂವರು ರಾಜರು" ಎಂದು ಬೇರೆ ಬರೆದಿದ್ದಾರೆ. ಮತ್ತಾಯ ಅವರನ್ನು ರಾಜರು ಎನ್ನುವುದೂ ಇಲ್ಲ, ಎಷ್ಟು ಜನ ಎಂದು ಹೇಳುವುದೂ ಇಲ್ಲ. ಕಾಣಿಕೆ ಮೂರು, ಅದಕ್ಕೇ ಜನರೂ ಮೂವರಾದರು. ರೋಮಿನ ನೆಲಮಾಳಿಗೆ ಸಮಾಧಿಗಳ ಹಳೇ ಚಿತ್ರಗಳಲ್ಲಿ ಒಂದು ಕಡೆ ಇಬ್ಬರು, ಇನ್ನೊಂದು ಕಡೆ ನಾಲ್ವರು ಇದ್ದಾರೆ. ಹೆಸರುಗಳೂ ಆಮೇಲೆ ಬಂದವು. ಇರಲಿ, ಮೂವರು ಇದ್ದರೆ ನನಗೇನೂ ಬೇಜಾರಿಲ್ಲ, ಸುಮ್ನೆ ಬೈಬಲಿನ ಹೆಸರು ಹೇಳಬಾರದಿತ್ತು ಅಷ್ಟೇ.

ಒಂಟೆಯೂ ಮತ್ತಾಯನ ಈ ಕತೆಯಲ್ಲಿಲ್ಲ. ಈ ಸೆಟ್ಟಿನಲ್ಲಿ ಅಂಟಿಸದೆ ಬಿಟ್ಟಿರುವುದು ಅದೊಂದನ್ನೇ, ಅದೋ ಮುಟ್ಟಿದರೆ ಬೀಳುತ್ತದೆ! ಸೈಜೂ ಎಷ್ಟು ಚಿಕ್ಕದೆಂದರೆ ಬಲ್ತಜಾರ್ ಹತ್ತಿದರೆ ಕಾಲು ನೆಲಕ್ಕೆ ತಾಗುತ್ತದೆ.

ಮಾರಿದವರನ್ನು ಕೇಳಿದೆ. ಸಾಗಿಸುವಾಗ ಒಡೆಯದಿರಲಿ ಎಂದು ಅಂಟಿಸಿದ್ದೇವೆ, ಬೇಡವಾದರೆ ವಾಪಸ್ ಕಳಿಸಿ ಎಂದರು. ಆ ಮುಖಗಳನ್ನು ನೋಡಿ ಮನಸ್ಸಾಗಲಿಲ್ಲ. ಐದಕ್ಕೆ ಮೂರು ಕೊಡುತ್ತೇನೆ. ತೆಳು ಬ್ಲೇಡ್ ಹಿಡಿದು ಒಂದು ಸಂಜೆಯೆಲ್ಲ ಕೂತೆ. ಬಲ್ತಜಾರ್ ಸಲೀಸಾಗಿ ಎದ್ದ, ಕಾಸ್ಪರನ ಹಿಮ್ಮಡಿ ಸ್ವಲ್ಪ ಚೂರಾಯಿತು. ಮೆಲ್ಕಿಯೋರ್ ಮಂಡಿಯೂರಿದ್ದಾನಲ್ಲ, ಅಂಟು ಜಾಸ್ತಿ, ಏಳಲೇ ಇಲ್ಲ. ಈ ಸಲ ಅವನೊಬ್ಬ ಮೊದಲೇ ಬಂದು ಕೂತಿದ್ದಾನೆ. ಉಳಿದಿಬ್ಬರು ಇನ್ನೂ ಕಪಾಟಿನ ಮೇಲಿದ್ದಾರೆ.